ಬಸ್ಸಿನ ಬಾಲದಲ್ಲಿ ಒಂದು ಉಕಾರ

ಬಿ, ಯು, ಎಸ್, ಎಸ್, ಯು. ಬಸ್ಸಿನ ಚಿತ್ರದ ಕೆಳಗೆ ಮೂರನೆಯ ತರಗತಿಯ ಹುಡುಗ ಬರೆದಿದ್ದ ಐದು ಅಕ್ಷರಗಳಿವು. ಕೆಂಪು ಪೆನ್ನಿನಿಂದ ಅಡ್ಡಗೆರೆ ಎಳೆಯಲು ಹೋದವಳು ಕೈ ತಡೆದೆ. ಅವನ ಮನೆಯವರ ಬಾಯಲ್ಲಿ, ಅಂಗಡಿಯವರ ಬಾಯಲ್ಲಿ, ನನ್ನ ಬಾಯಲ್ಲಿಯೂ ಅದು 'ಬಸ್ಸು'. ಕಿವಿಗೆ ಬಿದ್ದ ಒಂದು ಧ್ವನಿಯನ್ನೂ ಬಿಡದೆ ಬರೆದಿದ್ದಾನೆ. ಉಳಿದವರೆಲ್ಲ ಸರಿಯಾಗಿಯೇ ಬರೆದಿದ್ದರು, ನಿಜ. ಆದರೆ ಅವರು ಬರೆದದ್ದು ಬಾಯಿಪಾಠ.

ನಾನು ಕಲಿಸುವುದು ವಿರಾಜಪೇಟೆ ತಾಲ್ಲೂಕಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ. ಒಂದರಿಂದ ಮೂರನೆಯ ತರಗತಿಯವರೆಗಿನ ಮಕ್ಕಳು ನಲಿ-ಕಲಿ ಪದ್ಧತಿಯಂತೆ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಕೆಲವರ ಮನೆಯಲ್ಲಿ ಕೊಡವ ತಕ್ಕ್, ಕೆಲವರಲ್ಲಿ ಅರೆಭಾಷೆ, ಇನ್ನು ಕೆಲವರಲ್ಲಿ ಮಲಯಾಳ. ತೋಟದ ಲೈನ್ ಮನೆಗಳಿಂದ ಯರವ ಮಕ್ಕಳು ಬರುತ್ತಾರೆ, ಈಚೆಗೆ ಅಸ್ಸಾಮಿನಿಂದ ಬಂದ ಕಾರ್ಮಿಕರ ಮಕ್ಕಳೂ ಇದ್ದಾರೆ. ಅನೇಕರಿಗೆ ಕನ್ನಡವೇ ಎರಡನೆಯ ಭಾಷೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007-08ರಲ್ಲಿ. ಅಂದಿನಿಂದ ಬಹಳ ವರ್ಷ ನಾನು ಮಾಡಿದ್ದು ಒಂದೇ ಪಾಠ: 'ಎ ಫಾರ್ ಆ್ಯಪಲ್'. ಇಪ್ಪತ್ತಾರು ಅಕ್ಷರಗಳನ್ನು ಮಕ್ಕಳು ಹಾಡಿಕೊಂಡು ಹೇಳುತ್ತಿದ್ದರು. ಓದು ಮಾತ್ರ ಬರುತ್ತಿರಲಿಲ್ಲ. "ಸಿ, ಎ, ಟಿ ಸೇರಿದರೆ ಸಿಯೇಟಿ ಆಗಬೇಕಲ್ಲ, ಕ್ಯಾಟ್ ಎಲ್ಲಿಂದ ಬಂತು ಟೀಚರ್?" ಎಂದು ಒಬ್ಬಳು ಕೇಳಿದ್ದಳು. ಆಗ ಗದರಿಸಿ ಕೂರಿಸಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆಮೇಲೆ ಫೋನಿಕ್ಸ್ ತರಬೇತಿ ಸಿಕ್ಕಿತು; ಅಕ್ಷರದ ಹೆಸರಿನಿಂದಲ್ಲ, ಅದರ ಧ್ವನಿಯಿಂದ ಓದು ಕಲಿಸುವ ವಿಧಾನವದು. ಅಲ್ಲಿ ಎಲ್ಲಕ್ಕಿಂತ ಮೊದಲು ಹೇಳಿಕೊಟ್ಟದ್ದು ಅಕ್ಷರಗಳ ಸರದಿಯನ್ನು. ಎ, ಬಿ, ಸಿ ಅಲ್ಲ. ಎಸ್, ಎ, ಟಿ, ಪಿ, ಐ, ಎನ್. ಈ ಆರರ ಧ್ವನಿ ಗೊತ್ತಾದರೆ ಸ್ಯಾಟ್, ಸಿಟ್, ಟ್ಯಾಪ್, ಪಿನ್, ಟಿನ್, ನ್ಯಾಪ್ ಎಂದು ಹತ್ತಾರು ಪದಗಳು ಮೊದಲ ವಾರಗಳಲ್ಲೇ ಕೈಗೆ ಬರುತ್ತವೆ. ಪಕ್ಕದಲ್ಲಿದ್ದವರು ಇದೇನೋ ಹೊಸತು ಎಂದು ಬರೆದುಕೊಳ್ಳುತ್ತಿದ್ದರು. ನನಗೆ ನಗು ಬಂತು. ನಲಿ-ಕಲಿಯಲ್ಲಿ ನಾವು ಅ, ಆ, ಇ, ಈ ಬಿಟ್ಟು ರ, ಗ, ಸ, ದ, ಅ ಎಂದು ಶುರು ಮಾಡುವುದೂ ಇದಕ್ಕೇ ಅಲ್ಲವೇ? ಆ ಐದೇ ಅಕ್ಷರಗಳಲ್ಲಿ ಅರಸ, ಅಗಸ, ಗರಗಸ ಎಲ್ಲ ಬರುತ್ತವೆ. ಮಡಿಕೇರಿಯ ದಸರ ಕೂಡ ಬರುತ್ತದೆ.

ಎಡವಿದ್ದು ಇಲ್ಲಿಯೇ. ಕನ್ನಡದ ಅಭ್ಯಾಸಬಲದಿಂದ ಮೊದಲ ತಿಂಗಳು ಎಸ್ ಅಕ್ಷರಕ್ಕೆ 'ಸ', ಟಿ ಅಕ್ಷರಕ್ಕೆ 'ಟ' ಎಂದು ಹೇಳಿಕೊಟ್ಟೆ. ಕನ್ನಡದ ವ್ಯಂಜನದ ಹೊಟ್ಟೆಯಲ್ಲಿ ಒಂದು ಅಕಾರ ಅಡಗಿ ಕುಳಿತಿರುತ್ತದೆ. 'ಸ, ಆ್ಯ, ಟ' ಎಂದು ಎಷ್ಟು ವೇಗವಾಗಿ ಹೇಳಿದರೂ 'ಸ್ಯಾಟ್' ಆಗುವುದಿಲ್ಲ. ಮಕ್ಕಳು 'ಸಟ' ಎಂದರು, 'ಸಾಟ' ಎಂದರು, ಒಬ್ಬ 'ಸೌಟು' ಎಂದ.

ಪರಿಹಾರವಿದ್ದದ್ದು ಕಾಗುಣಿತದ ಪಾಠದಲ್ಲಿ. ಸ್ ಮತ್ತು ಅ ಸೇರಿ ಸ ಎಂಬುದು ಎರಡನೆಯ ತರಗತಿಯವರಿಗೆ ಗೊತ್ತಿತ್ತು. ಬೋರ್ಡಿನ ಮೇಲೆ ಇಂಗ್ಲಿಷ್ ಅಕ್ಷರದ ಪಕ್ಕದಲ್ಲಿ ಕನ್ನಡದ ಅರ್ಧಾಕ್ಷರ ಬರೆದೆ: ಸ್, ಟ್, ಪ್, ನ್. ಸ್, ಮ್, ನ್ ಧ್ವನಿಗಳನ್ನು ಉಸಿರು ಇರುವಷ್ಟೂ ಎಳೆಯಬಹುದು, ಹಾಗಾಗಿ ಕೂಡಿಸಿ ಓದುವುದನ್ನು ಅವುಗಳಿಂದಲೇ ಆರಂಭಿಸಿದೆ. ಪ್, ಟ್, ಕ್ ಎಳೆಯಲಾಗದವು, ಪುಟ್ಟನೆ ಸಿಡಿದು ಮುಗಿಯುತ್ತವೆ. ಇವುಗಳಿಗೆ ಗಂಟಲ ಮೇಲೆ ಬೆರಳಿಟ್ಟು ಪರೀಕ್ಷೆ. ಪ್ ಎನ್ನುವಾಗ ಗಂಟಲು ಅದುರಿದರೆ ಅಕಾರ ಒಳಗೆ ನುಸುಳಿದೆ ಎಂದರ್ಥ. ಬ್, ಡ್, ಗ್ ವಿಷಯದಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ, ಅಲ್ಲಿ ಗಂಟಲು ಹೇಗೂ ಅದುರುತ್ತದೆ.

ಕೊಡವ ಮನೆಗಳ ಮಕ್ಕಳಿಗೆ ಇದು ಬೇಗ ಹತ್ತಿತು. ಕಡಂಬುಟ್ಟ್, ಪಾಪುಟ್ಟ್, ನೂಪುಟ್ಟ್ ತಿಂದು ಬೆಳೆದವರು. ಆ ಪದಗಳ ಕೊನೆಯಲ್ಲಿಯೂ ಅರೆಬರೆ ಸ್ವರವೊಂದು ತೇಲಿ ಹೋಗುತ್ತದೆ, ಆದರೆ ಅದು ಕನ್ನಡದ ತುಂಬು ಉಕಾರವಲ್ಲ. ಕೊಡವ ತಕ್ಕ್‌ನಲ್ಲಿ ಕನ್ನಡ ಲಿಪಿಯಲ್ಲಿ ಜಾಗವೇ ಇಲ್ಲದ ಸ್ವರಗಳೂ ಇವೆ. ಬಾಯಲ್ಲಿರುವ ಧ್ವನಿಗೆಲ್ಲ ಒಂದೊಂದು ಅಕ್ಷರ ಇರಲೇಬೇಕೆಂದಿಲ್ಲ ಎಂಬುದು ಈ ಮಕ್ಕಳಿಗೆ ಹೇಳದೆಯೇ ಗೊತ್ತಿತ್ತು. ಇಪ್ಪತ್ತಾರು ಅಕ್ಷರಗಳಲ್ಲಿ ಸುಮಾರು 44 ಧ್ವನಿಗಳನ್ನು ಹೊಂದಿಸಿಕೊಳ್ಳುವ ಇಂಗ್ಲಿಷಿಗೆ ಇದಕ್ಕಿಂತ ಒಳ್ಳೆಯ ಪೂರ್ವಸಿದ್ಧತೆ ಬೇಕೇ?

ಮನೆಯಲ್ಲಿ ಅಸ್ಸಾಮಿ ಮಾತನಾಡುವ ಹುಡುಗಿಯೊಬ್ಬಳಿದ್ದಳು. ಅವಳ ಭಾಷೆಯಲ್ಲಿ ನಮ್ಮಂತೆ ತ ಬೇರೆ, ಟ ಬೇರೆ ಎಂಬ ಭೇದವಿಲ್ಲ, ನಾಲಿಗೆ ಮೇಲುಹಲ್ಲಿನ ಹಿಂದಿನ ವಸಡಿಗೆ ತಾಗುತ್ತದೆ. ಇಂಗ್ಲಿಷಿನ ಟಿ ಹುಟ್ಟುವುದೂ ಅಲ್ಲಿಯೇ. ಕನ್ನಡದ ಪಾಠದಲ್ಲಿ ತ, ಟ ಕಲಸಿ ದಿನವೂ ತಿದ್ದಿಸಿಕೊಳ್ಳುತ್ತಿದ್ದವಳ ಇಂಗ್ಲಿಷ್ ಟಕಾರ ನಾಲಿಗೆ ಮಡಚುವ ನನ್ನ ಟಕಾರಕ್ಕಿಂತ ಶುದ್ಧವಾಗಿತ್ತು. ಅದನ್ನು ಎಲ್ಲರೆದುರು ಹೇಳಿದೆ. 'ಚಿನ್' ಮಾತ್ರ ಅವಳ ಬಾಯಲ್ಲಿ ಬಹಳ ದಿನ 'ಸಿನ್' ಆಗಿಯೇ ಉಳಿಯಿತು.

ಧ್ವನಿ ಎಣಿಸುವುದಕ್ಕೆ ಚೌಕಗಳನ್ನು ಬಳಸಿದೆ. ಸೋವಿಯತ್ ಮನಶ್ಶಾಸ್ತ್ರಜ್ಞ ಎಲ್ಕೋನಿನ್ ಹೆಸರಿನಿಂದ ಕರೆಯುವ ವಿಧಾನವಿದು. ನೆಲದ ಮೇಲೆ ಸುಣ್ಣದ ಕಡ್ಡಿಯಿಂದ ಸಾಲಾಗಿ ಚೌಕ ಬರೆದು, ಪದವನ್ನು ನಿಧಾನವಾಗಿ ಹೇಳುತ್ತಾ ಧ್ವನಿಗೊಂದರಂತೆ ಕಾಫಿ ಬೀಜ ಇಡಬೇಕು. 'ಶಿಪ್' ಬರೆಯಲು ನಾಲ್ಕು ಅಕ್ಷರ, ಬೀಜ ಮಾತ್ರ ಮೂರು. ಎರಡನೆಯ ದಿನವೇ ಒಬ್ಬಳು ಬೀಜವನ್ನು ಮೂಗಿಗೆ ಏರಿಸಿಕೊಂಡಳು. ಸದ್ಯ, ಸೀನಿನೊಂದಿಗೆ ಹೊರಬಂತು. ಮರುದಿನದಿಂದ ಗೋಟಡಿಕೆ.

ಬಸ್ಸಿನ ಹುಡುಗನನ್ನು ಕೂರಿಸಿಕೊಂಡೆ. "ಬಸ್ಸು" ಎಂದ, ಐದು ಅಡಿಕೆ ಇಟ್ಟ. ಇಂಗ್ಲಿಷಿನವರು ಹೇಗೆ ಹೇಳುತ್ತಾರೆ ಎಂದು ನಾನು 'ಬಸ್' ಎಂದು ತೋರಿಸಿದೆ. ತುಟಿ ನೋಡಿದ, ತಾನೂ ಎರಡು ಸಲ ಹೇಳಿಕೊಂಡ, ಕೊನೆಯ ಎರಡು ಅಡಿಕೆ ಎತ್ತಿ ಜೇಬಿಗೆ ಹಾಕಿಕೊಂಡ. ಕಪ್ಪು, ಪೆನ್ನು, ಕಾರು, ಲೈಟು ಎಲ್ಲದರ ಬಾಲವೂ ಆ ವಾರದಲ್ಲೇ ಹೋಯಿತು.

ಮಳೆಗಾಲದ ಮಾತೇ ಬೇರೆ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ಮಾಡಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ಫ್, ಸ್, ಪ್ ಯಾವುದೂ ಕಿವಿಗೆ ತಲುಪುವುದಿಲ್ಲ. ಕಿರುಚಿದರೆ ಅಕಾರ ತಾನಾಗಿ ಸೇರಿಕೊಳ್ಳುತ್ತದೆ. ಹೊಸ ಧ್ವನಿಗಳನ್ನು ಸೆಪ್ಟೆಂಬರ್‌ಗೆ ಮುಂದೂಡಿ, ಆ ತಿಂಗಳುಗಳಲ್ಲಿ ಬರೆಯಿಸಿದೆ, ತುಟಿ ನೋಡಿ ಧ್ವನಿ ಗುರುತಿಸುವ ಆಟ ಆಡಿಸಿದೆ. ಒಂದು ದಿನ ಮಾತ್ರ ಮಳೆಯನ್ನೇ ಪಾಠ ಮಾಡಿದೆ. ಅದು ಹೇಳುತ್ತಿದ್ದದ್ದು 'ಶ್'. ಎರಡು ಅಕ್ಷರ, ಒಂದೇ ಧ್ವನಿ.

ಸ್ಪೆಲ್ಲಿಂಗಿನಲ್ಲಿ ಹೆಚ್ಚು ಕಾಡಿದ್ದು ಸ್ವರಗಳು. 'ಪೆನ್' ಬರೆಯಿರಿ ಎಂದರೆ ಪಿ, ಎ, ಎನ್ ಎಂದು ಬರೆಯುತ್ತಿದ್ದರು. 'ಪಿನ್' ಎಂದರೆ ಪಿ, ಇ, ಎನ್. ದಡ್ಡತನವಲ್ಲ ಇದು. ಕಿವಿಗೆ 'ಎ' ಕೇಳಿದಾಗ ಎ ಎಂಬ ಹೆಸರಿನ ಅಕ್ಷರವನ್ನು, 'ಇ' ಕೇಳಿದಾಗ ಇ ಎಂಬ ಹೆಸರಿನ ಅಕ್ಷರವನ್ನು ಹುಡುಕಿದ್ದಾರೆ. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಧ್ವನಿ, ಆ ನಂಬಿಕೆ ಇಲ್ಲಿ ಕೈಕೊಡುತ್ತದೆ. ಹಾಗಾಗಿ ಅಕ್ಷರಗಳ ಹೆಸರನ್ನೇ ಮೂರು ತಿಂಗಳು ತರಗತಿಯಿಂದ ಹೊರಗಿಟ್ಟೆ. ಮನೆಯಲ್ಲಿ ಎಬಿಸಿಡಿ ಹೇಳಿಸಿ ನೋಡಿದ ಒಂದಿಬ್ಬರು ತಂದೆಯರು, ಟೀಚರ್ ಏನೂ ಕಲಿಸುತ್ತಿಲ್ಲ ಎಂದು ದೂರಿಕೊಂಡು ಬಂದರು. ಅವರ ಮಕ್ಕಳಿಂದಲೇ ನಾಲ್ಕು ಪದ ಓದಿಸಿ ಕಳುಹಿಸಿದೆ.

ವರ್ಷದ ಕೊನೆಯಲ್ಲಿ ಅರ್ಥವಿಲ್ಲದ ಪದಗಳನ್ನು ಓದಿಸಿದೆ: ವಿಪ್, ನೆಬ್, ಟೊಗ್. ಇಂಗ್ಲೆಂಡಿನಲ್ಲಿ 2012ರಿಂದ 'ಇಯರ್ ಒನ್' ತರಗತಿಯ ಮಕ್ಕಳಿಗೆ ನಡೆಸುವ ಪರೀಕ್ಷೆಯ 40 ಪದಗಳಲ್ಲಿ ಅರ್ಧದಷ್ಟು ಇಂಥವೇ. ಎಂದೂ ಕಂಡಿರದ ಪದವನ್ನು ಬಾಯಿಪಾಠದಿಂದ ಹೇಳಲಾಗುವುದಿಲ್ಲ. ಪಾಠದ ಪುಸ್ತಕವನ್ನು ಗಡಗಡನೆ ಒಪ್ಪಿಸುತ್ತಿದ್ದ ಹುಡುಗಿ ಇಲ್ಲಿ ತಡವರಿಸಿದಳು. ಅವಳು ಓದುತ್ತಿದ್ದಾಳೆ ಎಂದು ಇಡೀ ವರ್ಷ ನಂಬಿದ್ದೆ. ಬಸ್ಸಿನ ಹುಡುಗ ಹತ್ತರಲ್ಲಿ ಒಂಬತ್ತು ಓದಿದ.

ಅವನ ತಕರಾರು ಈಗ ಬೇರೆ. 'ಕ್ಯಾಟ್', 'ಕಪ್' ಪದಗಳಿಗೆ ಸಿ ಯಾಕೆ, ಕೆ ಇದೆಯಲ್ಲ? ಮುಂದಿರುವುದು ಇ ಅಥವಾ ಐ ಅಕ್ಷರವಾದರೆ ಕೆ; ಎ, ಒ, ಯು ಆದರೆ ಸಿ ಎಂದು ನಿಯಮ ಹೇಳಿದೆ, 'ಕಿಟ್', 'ಕಾಟ್' ಬರೆದು ತೋರಿಸಿದೆ. ತಲೆಯಾಡಿಸಿದ. ಆಮೇಲೆ ಗೋಡೆಯ ಹಳೆಯ ಚಾರ್ಟಿನತ್ತ ನಡೆದು ಕೆ ಅಕ್ಷರದ ಕೆಳಗಿನ ಪದದ ಮೇಲೆ ಬೆರಳಿಟ್ಟು, ಒಂದೊಂದೇ ಧ್ವನಿ ಕೂಡಿಸಿ ಓದತೊಡಗಿದ. ಅಲ್ಲಿ ಕಾಂಗರೂ ನಿಂತಿತ್ತು. ನಾನು ಊಟದ ಗಂಟೆ ಹೊಡೆಯಲು ಎದ್ದೆ.