ಮುಂದಿಡುವುದೋ ಮುಂದೂಡುವುದೋ: ಇಂಗ್ಲಿಷ್ ನುಡಿಗಟ್ಟುಗಳ ಜೊತೆ ನನ್ನ ಅನುಭವ

‘ಲೆಟ್ಸ್ ಟೇಬಲ್ ದಿಸ್’ ಅಂದರು ಅಮೆರಿಕದ ತಂಡದ ಮುಖ್ಯಸ್ಥೆ. ಎರಡು ದಿನ ಕೂತು ಸಿದ್ಧಮಾಡಿದ್ದ ಪಟ್ಟಿಯನ್ನು ನಾನು ಪರದೆಯ ಮೇಲೆ ತೆರೆದು, ಗಂಟಲು ಸರಿಮಾಡಿಕೊಂಡು ಮಾತು ಶುರುಮಾಡಿದೆ. ಎರಡು ವಾಕ್ಯ ಮುಗಿಯುವಷ್ಟರಲ್ಲಿ ಅವರು ಮೆತ್ತಗೆ ತಡೆದು, ಇನ್ನೊಂದು ವಿಷಯಕ್ಕೆ ಹೋದರು. ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಮಾತಾಡು ಅಂತ ಕರೆದವರೇ ಬಾಯಿ ಮುಚ್ಚಿಸಿದರಲ್ಲ!

‘ಟೇಬಲ್’ ಅಂದರೆ ಚರ್ಚೆಗೆ ಮಂಡಿಸುವುದು ಎಂದು ನಾನು ಓದಿಕೊಂಡಿದ್ದೆ. ಬ್ರಿಟನ್ನಿನಲ್ಲಿ ಅದು ಸರಿ. ಅಮೆರಿಕದಲ್ಲಿ ತದ್ವಿರುದ್ಧ, ಸದ್ಯಕ್ಕೆ ಬದಿಗಿಡೋಣ ಎಂದರ್ಥ. ಒಬ್ಬರು ಮುಂದಿಡುತ್ತಾರೆ, ಇನ್ನೊಬ್ಬರು ಮುಂದೂಡುತ್ತಾರೆ, ಪದ ಒಂದೇ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಬ್ರಿಟಿಷರೂ ಅಮೆರಿಕನ್ನರೂ ಇದೇ ಪದದ ಮೇಲೆ ಬಹಳ ಹೊತ್ತು ಜಗಳವಾಡಿ, ಕೊನೆಗೆ ಇಬ್ಬರಿಗೂ ಬೇಕಾಗಿದ್ದದ್ದು ಒಂದೇ ಎಂದು ಕಂಡುಕೊಂಡದ್ದನ್ನು ಚರ್ಚಿಲ್ ತಮ್ಮ ಯುದ್ಧದ ನೆನಪುಗಳಲ್ಲಿ ಬರೆದಿದ್ದಾರೆ. ಇಂಗ್ಲಿಷನ್ನೇ ಉಂಡು ಬೆಳೆದವರ ಪಾಡು ಇದಾದರೆ, ನನ್ನದೇನು ಮಹಾ ಎಂದು ಸಮಾಧಾನ ಮಾಡಿಕೊಂಡೆ.

ನನ್ನ ಕೆಲಸ ಸಾಫ್ಟ್‌ವೇರ್ ಪರೀಕ್ಷಿಸುವುದು. ಒಂದು ತಂಡ ಇಂಗ್ಲೆಂಡಿನಲ್ಲಿ, ಇನ್ನೊಂದು ಅಮೆರಿಕದಲ್ಲಿ, ನಡುವೆ ನಾನು. ವ್ಯಾಕರಣದ ತೊಂದರೆ ನನಗಿರಲಿಲ್ಲ. ಕೆಲಸಕ್ಕೆ ಸೇರುವ ಮುಂಚೆ ನುಡಿಗಟ್ಟುಗಳ ಒಂದು ದಪ್ಪ ಪಟ್ಟಿಯನ್ನೂ ಉರು ಹೊಡೆದಿದ್ದೆ. ಧೋ ಎಂದು ಮಳೆ ಸುರಿಯುವುದಕ್ಕೆ ಹೇಳುವ ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಅದರಲ್ಲಿ ಮೊದಲನೆಯದು. ಇಷ್ಟು ವರ್ಷದಲ್ಲಿ ಒಬ್ಬರ ಬಾಯಲ್ಲೂ ನಾನು ಅದನ್ನು ಕೇಳಿಲ್ಲ. ನನ್ನನ್ನು ಬೀಳಿಸಿದ್ದು ನುಡಿಗಟ್ಟು ಅಂತಲೇ ಅನ್ನಿಸದ ಸಣ್ಣಪುಟ್ಟ ಮಾತುಗಳು. ‘ಐ ಆಮ್ ಗುಡ್’ ಅಂದರೆ ‘ನಾನು ಒಳ್ಳೆಯವನು’ ಅಲ್ಲ, ‘ನನಗೆ ಬೇಡ, ಸಾಕು’. ‘ಐ ವಿಲ್ ಲೆಟ್ ಯು ಗೋ’ ಅಂದರೆ ಫೋನ್ ಇಡೋಣವೇ ಎಂಬ ಸೌಜನ್ಯದ ಕೋರಿಕೆ. ‘ಪರವಾಗಿಲ್ಲ, ನಾನು ಬಿಡುವಾಗಿದ್ದೇನೆ’ ಎಂದು ಅವರನ್ನು ಇನ್ನೂ ಹತ್ತು ನಿಮಿಷ ಕೂರಿಸಿಕೊಂಡವನು ನಾನು.

ಇದಕ್ಕಿಂತ ಪಜೀತಿ ಇನ್ನೊಂದಿದೆ. ಬೆಳಗಿನಿಂದ ಸರ್ವರ್ ಆಮೆಯ ಹಾಗೆ ತೆವಳುತ್ತಿದೆ ಎಂದು ಒಬ್ಬರ ಹತ್ತಿರ ಗೊಣಗಿದೆ. ‘ಟೆಲ್ ಮಿ ಅಬೌಟ್ ಇಟ್’ ಅಂದರು. ಹೇಳಿದೆ. ಎಷ್ಟು ಗಂಟೆಗೆ ಶುರುವಾಯಿತು, ಯಾವ ಪುಟ ತೆರೆಯಲು ಎಷ್ಟು ಸೆಕೆಂಡು, ಎಲ್ಲ. ಅವರು ಪಾಪ, ಪೂರ್ತಿ ಕೇಳಿಸಿಕೊಂಡರು. ಆ ಮಾತಿನ ಅರ್ಥ ‘ನನ್ನ ಪಾಡೂ ಅದೇ ಕಣಪ್ಪ’ ಎಂದು ತಿಳಿದದ್ದು ವಾರಗಳ ಮೇಲೆ. ಹೇಳು ಅನ್ನುತ್ತಾರೆ, ಹೇಳುವುದು ಬೇಕಿರುವುದಿಲ್ಲ. ಇದೆಂಥ ಭಾಷೆ ಎಂದು ಬೈದುಕೊಳ್ಳುವಾಗ ನಮ್ಮ ಮಾತೇ ನೆನಪಾಯಿತು: ‘ಅಯ್ಯೋ, ಅದನ್ನೇನು ಕೇಳ್ತೀರಿ!’ ಕೇಳಬೇಡಿ ಎಂಬಂತೆ ಶುರುಮಾಡಿ ಅರ್ಧ ಗಂಟೆ ಹೇಳುವ ನಾವು ಇನ್ನೊಬ್ಬರ ಭಾಷೆಯನ್ನು ಆಡಿಕೊಳ್ಳುವ ಹಾಗಿಲ್ಲ.

ಅಲ್ಲಿಂದ ಪಟ್ಟಿ ಬಿಟ್ಟು ನೋಟ್‌ಬುಕ್ ಹಿಡಿದೆ. ಮೊದಲು ಎಡಕ್ಕೆ ನುಡಿಗಟ್ಟು, ಬಲಕ್ಕೆ ಅರ್ಥ ಬರೆಯುತ್ತಿದ್ದೆ. ಎರಡು ತಿಂಗಳಲ್ಲಿ ಅದು ಇನ್ನೊಂದು ಪಟ್ಟಿಯಾಯಿತೇ ಹೊರತು ನನ್ನ ನಾಲಿಗೆ ಸುಧಾರಿಸಲಿಲ್ಲ. ಆಮೇಲೆ ಅರ್ಥದ ಕಾಲಂ ತೆಗೆದುಬಿಟ್ಟೆ. ಅದರ ಬದಲು ಆಡಿದ ಇಡೀ ವಾಕ್ಯ, ಯಾರು ಯಾರಿಗೆ ಹೇಳಿದರು, ಹೇಳಿದ ಮೇಲೆ ಏನಾಯಿತು ಎಂದು ಬರೆಯತೊಡಗಿದೆ. ಒಂದು ನಮೂದು ಹೀಗಿದೆ:

‘ಐ ವುಡಂಟ್ ಲೂಸ್ ಸ್ಲೀಪ್ ಓವರ್ ಇಟ್. ಹೇಳಿದವರು ಇಂಗ್ಲೆಂಡಿನ ಹಿರಿಯ ಸಹೋದ್ಯೋಗಿ, ನನಗೆ. ತಪ್ಪು ನನ್ನದೇ ಎಂದು ನಾನು ಒಪ್ಪಿಕೊಂಡ ಮೇಲೆ. ದನಿಯಲ್ಲಿ ನಗು ಇತ್ತು. ವಿಷಯ ಅಲ್ಲಿಗೇ ಮುಗಿಯಿತು. ನಮ್ಮಲ್ಲಾದರೆ: ಅದಕ್ಕೆಲ್ಲ ತಲೆ ಕೆಡಿಸ್ಕೋಬೇಡಿ.’

ಕೊನೆಯ ಸಾಲು ನನಗೆ ಬಹಳ ಮುಖ್ಯ. ನಿದ್ದೆಗೂ ತಲೆಗೂ ಸಂಬಂಧವಿಲ್ಲ. ಆದರೆ ಹಿರಿಯರೊಬ್ಬರು ಕಿರಿಯನಿಗೆ ಧೈರ್ಯ ಹೇಳುವ ಧಾಟಿ ಎರಡರಲ್ಲೂ ಒಂದೇ. ಪದಕ್ಕೆ ಪದ ಹುಡುಕುವುದನ್ನು ಬಿಟ್ಟು ಸಂದರ್ಭಕ್ಕೆ ಸಂದರ್ಭ ಹುಡುಕಿದಾಗ ನುಡಿಗಟ್ಟು ಮನಸ್ಸಿನಲ್ಲಿ ನಿಲ್ಲುತ್ತದೆ. ಇನ್ನೊಂದು ಕಟ್ಟುಪಾಡನ್ನೂ ಹಾಕಿಕೊಂಡೆ: ಮೂರು ಬೇರೆ ಬೇರೆ ಜನರ ಬಾಯಲ್ಲಿ ಕೇಳುವ ತನಕ ಯಾವ ನುಡಿಗಟ್ಟನ್ನೂ ನಾನಾಗಿ ಆಡಬಾರದು.

ಪದಕ್ಕೆ ಪದ ಹುಡುಕುವುದರ ಅಪಾಯ ಗೊತ್ತಾದದ್ದು ‘ಫೈರ್ ಇನ್ ದ ಬೆಲಿ’ಯಿಂದ. ಹೊಸದಾಗಿ ಸೇರಿದ ಹುಡುಗಿಯ ಬಗ್ಗೆ ಯಾರೋ ಹಾಗಂದರು. ಹೊಟ್ಟೆಯಲ್ಲಿ ಕಿಚ್ಚು! ಹೊಟ್ಟೆಕಿಚ್ಚಿನವಳು ಎಂದುಕೊಂಡು ಒಂದು ವಾರ ಅವಳಿಂದ ದೂರವೇ ಉಳಿದೆ. ಅವರು ಹೊಗಳಿದ್ದು ಆಕೆಯ ಛಲವನ್ನು. ‘ಗಿವ್ ಮಿ ಎ ಹ್ಯಾಂಡ್’ ಕೂಡ ಹೀಗೆಯೇ. ಅವರು ಕೈ ಕೊಡು ಎಂದರೆ ನೆರವಾಗು ಎಂದು. ನಮ್ಮಲ್ಲಿ ಕೈ ಕೊಟ್ಟವನ ಮುಖವನ್ನು ಮತ್ತೆ ನೋಡುವುದಿಲ್ಲ. ಕಾಲೆಳೆಯುವುದು ಇನ್ನೂ ಸೂಕ್ಷ್ಮ: ಇಂಗ್ಲಿಷಿನಲ್ಲಿ ಅದು ಬರೀ ತಮಾಷೆ, ಇಲ್ಲದ್ದನ್ನು ಹೇಳಿ ನಂಬಿಸಿ ನಗುವುದು. ನಮ್ಮಲ್ಲಿ ತಮಾಷೆಯೂ ಹೌದು, ಮೇಲೇರುವವನನ್ನು ಕೆಳಗೆಳೆಯುವುದೂ ಹೌದು. ಮೊಸಳೆ ಕಣ್ಣೀರು, ಮೂಗು ತೂರಿಸುವುದು, ಬೆನ್ನು ತಟ್ಟುವುದು ಎರಡೂ ಕಡೆ ಒಂದೇ ಥರ ಇವೆ. ಅವುಗಳ ತಂಟೆಗೆ ನಾನು ಹೋಗಲಿಲ್ಲ, ನೋಟ್‌ಬುಕ್ಕಿನಲ್ಲೂ ಬರೆಯಲಿಲ್ಲ. ಅರ್ಧ ಹೋಲುವಂಥವೇ ಕೈ ಕೊಡುವುದು. ನಮ್ಮ ಅರ್ಥದಲ್ಲಿ.

ಆದರೆ ತೂಕ ನೋಡಲು ಕನ್ನಡದಂಥ ತಕ್ಕಡಿ ನನಗೆ ಬೇರೆ ಸಿಗಲಿಲ್ಲ. ‘ಕಿಕ್ ದ ಬಕೆಟ್’ ಎಂದರೆ ಸಾಯುವುದು ಎಂದಷ್ಟೇ ಪಟ್ಟಿಯಲ್ಲಿತ್ತು. ಎಂಥ ಸಾವಿಗೆ, ಯಾರ ಸಾವಿಗೆ? 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಒರಟು ಮಾತುಗಳ ನಿಘಂಟೊಂದನ್ನು ಹೊರತಂದ. ಈ ನುಡಿಗಟ್ಟು ಆಗಲೇ ಅದರಲ್ಲಿದೆ. ಹುಟ್ಟಿದ ಕೇರಿ ಯಾವುದೆಂದು ಅಲ್ಲೇ ಗೊತ್ತಾಗುತ್ತದೆ. ನಾನು ಅದರ ಎದುರು ‘ಗೊಟಕ್ ಅಂದ’ ಎಂದು ಬರೆದುಕೊಂಡೆ, ‘ಪಾಸ್ಡ್ ಅವೇ’ ಎದುರು ‘ತೀರಿಕೊಂಡರು’ ಎಂದು. ಸಹೋದ್ಯೋಗಿಯ ತಂದೆ ಹೋದಾಗ ಯಾವುದನ್ನು ಬರೆಯಬೇಕು ಎಂದು ಮತ್ತೆ ಯೋಚಿಸುವ ಅಗತ್ಯವೇ ಬರಲಿಲ್ಲ. ಹಳೆಯ ಕಂಪ್ಯೂಟರ್ ಕೆಟ್ಟು ನಿಂತಾಗ ಮಾತ್ರ ಗೊಟಕ್ ಅನ್ನಿಸಬಹುದು.

ನುಡಿಗಟ್ಟಿನ ಮೈಕಟ್ಟು ಇನ್ನೊಂದು ಕಥೆ. ಸುಲಭದ ಕೆಲಸಕ್ಕೆ ‘ಪೀಸ್ ಆಫ್ ಕೇಕ್’ ಅನ್ನಬೇಕಾದಲ್ಲಿ ‘ಸ್ಲೈಸ್ ಆಫ್ ಕೇಕ್’ ಎಂದು ಒಮ್ಮೆ ಬರೆದಿದ್ದೆ. ಅರ್ಥ ಒಂದೇ ತಾನೇ? ‘ಕಾಲಿಗೆ ಬುದ್ಧಿ ಹೇಳಿದ’ ಅಂದರೆ ಓಡಿಹೋದ. ‘ಕಾಲಿಗೆ ಉಪದೇಶ ಮಾಡಿದ’ ಅಂದರೆ? ಎದುರಿನವರು ನಿಮ್ಮ ಆರೋಗ್ಯ ವಿಚಾರಿಸುತ್ತಾರೆ. ಕೆಲವು ನುಡಿಗಟ್ಟು ಬಾಗುತ್ತವೆ, ಕೆಲವು ಮುರಿಯುತ್ತವೆ. ಗುಟ್ಟು ಬಿಟ್ಟುಕೊಡುವ ‘ಸ್ಪಿಲ್ ದ ಬೀನ್ಸ್’ ಅನ್ನು ‘ದ ಬೀನ್ಸ್ ವರ್ ಸ್ಪಿಲ್ಡ್’ ಎಂದು ತಿರುಗಿಸಿದರೂ ನಡೆಯುತ್ತದೆ. ಯಾಕೆಂದರೆ ಚೆಲ್ಲುವುದು ಅಂದರೆ ಹೊರಗೆಡಹುವುದು, ಬೀನ್ಸ್ ಅಂದರೆ ಗುಟ್ಟು, ಹೀಗೆ ಒಂದೊಂದು ಪದದ ಪಾಲಿಗೂ ಒಂದಿಷ್ಟು ಅರ್ಥ ಬಂದಿದೆ. ‘ದ ಬಕೆಟ್ ವಾಸ್ ಕಿಕ್ಡ್’ ಅಂದರೆ ಯಾರೋ ಬಕೆಟ್ಟಿಗೆ ನಿಜವಾಗಿ ಒದ್ದರು ಅಷ್ಟೇ, ಯಾರೂ ಸತ್ತಿಲ್ಲ. ಅಲ್ಲಿ ಬಕೆಟ್ಟಿಗೆ ತನ್ನದೇ ಆದ ಅರ್ಥ ಏನೂ ಇಲ್ಲವಲ್ಲ. ‘ಅವನು ಕೈ ಕೊಟ್ಟ’ ಎಂಬುದನ್ನು ‘ಎರಡೂ ಕೈ ಕೊಟ್ಟ’ ಮಾಡಿ ನೋಡಿ, ಗೊತ್ತಾಗುತ್ತದೆ. ಕಡಲಿನಾಚೆ ಹೋದಾಗ ಪದ ಬದಲಾಗುವುದೂ ಉಂಟು: ಏನೇನೂ ಸಾಲದಷ್ಟು ಸಣ್ಣದಕ್ಕೆ ಬ್ರಿಟನ್ನಿನಲ್ಲಿ ‘ಎ ಡ್ರಾಪ್ ಇನ್ ದ ಓಶನ್’ ಅನ್ನುವುದನ್ನು ಅಮೆರಿಕದಲ್ಲಿ ಹೆಚ್ಚಾಗಿ ‘ಎ ಡ್ರಾಪ್ ಇನ್ ದ ಬಕೆಟ್’ ಅನ್ನುತ್ತಾರೆ. ಮತ್ತದೇ ಬಕೆಟ್.

ಆಟದಿಂದ ಬಂದ ಮಾತುಗಳಲ್ಲಿ ಕ್ರಿಕೆಟ್ಟಿನವು ನನಗೆ ನೀರು ಕುಡಿದಷ್ಟು ಸಲೀಸು. ‘ಆನ್ ದ ಬ್ಯಾಕ್ ಫುಟ್’ ಅಂದರೆ ಹಿಂದೆ ಸರಿದು ಕಾಪಾಡಿಕೊಳ್ಳುವ ಸ್ಥಿತಿ, ‘ಸ್ಟಿಕಿ ವಿಕೆಟ್’ ಅಂದರೆ ಇಕ್ಕಟ್ಟು ಎಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಅಮೆರಿಕನ್ನರ ಬೇಸ್‌ಬಾಲ್ ಮಾತ್ರ ತಲೆನೋವು. ಅಂದಾಜು ಲೆಕ್ಕಕ್ಕೆ ‘ಬಾಲ್‌ಪಾರ್ಕ್ ಫಿಗರ್’, ಅನಿರೀಕ್ಷಿತವಾಗಿ ಬಂದದ್ದಕ್ಕೆ ‘ಔಟ್ ಆಫ್ ಲೆಫ್ಟ್ ಫೀಲ್ಡ್’. ಜವಾಬ್ದಾರಿ ಹೊರಲು ಮುಂದೆ ಬರುವುದಕ್ಕೆ ‘ಸ್ಟೆಪ್ ಅಪ್ ಟು ದ ಪ್ಲೇಟ್’ ಅನ್ನುತ್ತಾರೆ. ಆ ಪ್ಲೇಟ್ ಊಟದ ತಟ್ಟೆಯಲ್ಲ, ಬ್ಯಾಟು ಹಿಡಿದವನು ನಿಲ್ಲುವ ಜಾಗದ ಗುರುತು. ‘ರೇನ್ ಚೆಕ್’ ನನಗೆ ಇಷ್ಟದ್ದು. ಮಳೆಯಿಂದ ಆಟ ನಿಂತರೆ ಇನ್ನೊಂದು ದಿನ ಬಂದು ನೋಡಲು ಕೊಡುತ್ತಿದ್ದ ಚೀಟಿ ಅದು. ಈಗ ಕರೆದಲ್ಲಿಗೆ ಹೋಗಲಾಗದಿದ್ದಾಗ ‘ಇವತ್ತು ಬೇಡ, ಇನ್ನೊಮ್ಮೆ ಬರುತ್ತೇನೆ’ ಎನ್ನಲು ಬಳಕೆಯಾಗುತ್ತದೆ. ಒಂದು ಸಂಜೆ ಕೂತು ಬೇಸ್‌ಬಾಲ್ ನಿಯಮ ಓದಿದೆ, ಆಟದ ಮೇಲೆ ಒಲವೇನೂ ಹುಟ್ಟಲಿಲ್ಲ, ಆದರೆ ಹತ್ತಾರು ನುಡಿಗಟ್ಟು ಒಂದೇ ಏಟಿಗೆ ಬಿಡಿಸಿಕೊಂಡವು.

ಮೂಲದ ಕಥೆಗಳ ಹುಚ್ಚು ಹಿಡಿದದ್ದೂ ಆಗಲೇ. ಅದರಲ್ಲಿ ಜೊಳ್ಳು ಬಹಳ. ‘ಸೇವ್ಡ್ ಬೈ ದ ಬೆಲ್’ ಬಗ್ಗೆ, ಶವಪೆಟ್ಟಿಗೆಗೆ ಗಂಟೆ ಕಟ್ಟುತ್ತಿದ್ದರು, ಜೀವ ಬಂದವನು ಅಲ್ಲಾಡಿಸುತ್ತಿದ್ದ ಎಂದೆಲ್ಲ ರೋಚಕ ಕಥೆ ಓಡಾಡುತ್ತದೆ. ನಿಜಕ್ಕೂ ಅದು ಬಾಕ್ಸಿಂಗಿನದು: ಸೋಲುವ ಹೊತ್ತಿಗೆ ಸುತ್ತು ಮುಗಿದ ಗಂಟೆ ಬಡಿದು ಬಚಾವಾದವನ ಮಾತು. ಒಟ್ಟಾರೆ ಎನ್ನುವ ಅರ್ಥದ ‘ಬೈ ಅಂಡ್ ಲಾರ್ಜ್’ ಹಾಯಿಹಡಗಿನವರಿಂದ ಬಂದದ್ದು ಮಾತ್ರ ಖರೆ. ‘ಓಕೆ’ಯ ಕಥೆ ಕಥೆಗಿಂತ ಮಜವಾಗಿದೆ: ‘ಆಲ್ ಕರೆಕ್ಟ್’ ಎಂಬುದನ್ನು ಬೇಕೆಂದೇ ‘oll korrect’ ಎಂದು ತಪ್ಪು ಕಾಗುಣಿತದಲ್ಲಿ ಬರೆದು, ಅದರ ಮೊದಲ ಅಕ್ಷರ ಎತ್ತಿಕೊಂಡ ಪತ್ರಿಕಾ ತಮಾಷೆ, 1839ರಲ್ಲಿ ಬಾಸ್ಟನ್ನಿನಲ್ಲಿ ಅಚ್ಚಾದದ್ದು. ಅಲೆನ್ ವಾಕರ್ ರೀಡ್ ಎಂಬ ಭಾಷಾತಜ್ಞರು 1960ರ ದಶಕದಲ್ಲಿ ಹಳೆ ಪತ್ರಿಕೆಗಳನ್ನು ಜಾಲಾಡಿ ಇದನ್ನು ತೋರಿಸಿಕೊಟ್ಟರು.

ಸ್ಲ್ಯಾಂಗಿನ, ಅಂದರೆ ಒಂದೊಂದು ಗುಂಪಿನವರು ತಮ್ಮೊಳಗೆ ಆಡಿಕೊಳ್ಳುವ ಬೀದಿಮಾತಿನ, ವಿಷಯಕ್ಕೆ ಬಂದರೆ, ಅದು ಹೊರಗಿನವರಿಗೆ ತಿಳಿಯದಿರಲಿ ಎಂದೇ ಎಷ್ಟೋ ಸಲ ಹುಟ್ಟುತ್ತದೆ. ಲಂಡನ್ನಿನ ಈಸ್ಟ್ ಎಂಡ್‌ನ ಪ್ರಾಸದ ಮಾತು ನೋಡಿ. ‘ಲುಕ್’ಗೆ ಪ್ರಾಸ ‘ಬುಚರ್ಸ್ ಹುಕ್’. ಆಮೇಲೆ ಪ್ರಾಸ ಕೂಡಿಸಿದ ‘ಹುಕ್’ ಅನ್ನೇ ಕತ್ತರಿಸಿ ಎಸೆದು ‘ಹ್ಯಾವ್ ಎ ಬುಚರ್ಸ್’ ಅಂದರು. ಅಂದರೆ ಒಮ್ಮೆ ನೋಡು. ಇಂಗ್ಲೆಂಡಿನ ಸಹೋದ್ಯೋಗಿಯೊಬ್ಬರು ನನ್ನ ವರದಿಯ ಬಗ್ಗೆ ಹಾಗೆಂದಾಗ, ಕಟುಕರ ಕೈಗೆ ಹೋಯಿತು ಎಂದು ಗಾಬರಿಯಾಗಿದ್ದೆ. ‘ಯೂಸ್ ಯುವರ್ ಲೋಫ್’ ಕೂಡ ಇದೇ ವಂಶ: ‘ಲೋಫ್ ಆಫ್ ಬ್ರೆಡ್’ಗೆ ಪ್ರಾಸ ‘ಹೆಡ್’, ಅಂದರೆ ತಲೆ ಓಡಿಸು. ಇನ್ನು ‘ಪಿಸ್ಡ್’ ಅಂದರೆ ಬ್ರಿಟನ್ನಿನಲ್ಲಿ ಕುಡಿದು ಅಮಲೇರಿದವ, ಅಮೆರಿಕದಲ್ಲಿ ಸಿಟ್ಟಾದವ. ಎರಡೂ ಸಭ್ಯವಲ್ಲ, ನಾನು ಕೇಳಿಸಿಕೊಳ್ಳುತ್ತೇನೆ, ಆಡುವುದಿಲ್ಲ. ನಮ್ಮದೇ ಇಂಗ್ಲಿಷ್ ಕೂಡ ಹೊರಗಿನವರಿಗೆ ಗೂಢಭಾಷೆಯೇ ಎಂದು ತಿಳಿದದ್ದು ‘2009ರಲ್ಲಿ ಪಾಸ್ ಔಟ್ ಆದೆ’ ಎಂದು ಪರಿಚಯ ಹೇಳಿಕೊಂಡ ದಿನ. ಸೇನೆಯ ತರಬೇತಿ ಮುಗಿಸಿದವರನ್ನು ಬಿಟ್ಟರೆ ಉಳಿದವರು ಪಾಸ್ ಔಟ್ ಆದರು ಎಂದರೆ ಎಚ್ಚರತಪ್ಪಿ ಬಿದ್ದರು ಎಂದೇ ಅವರಿಗೆ ಅರ್ಥ. ಈಗ ಹುಷಾರಾಗಿದ್ದೀರಾ ಎಂದು ಒಬ್ಬರು ಕೇಳಿಯೂ ಕೇಳಿದರು.

ಅನುಮಾನ ಬಂದಾಗ ಕಲಿಯುವವರಿಗೆಂದೇ ಮಾಡಿದ ಕೇಂಬ್ರಿಜ್, ಲಾಂಗ್‌ಮನ್, ಆಕ್ಸ್‌ಫರ್ಡ್ ನಿಘಂಟು ನೋಡುತ್ತೇನೆ. ಅರ್ಥಕ್ಕಿಂತ ಮುಂಚೆ ಕಣ್ಣು ಹೋಗಬೇಕಾದ್ದು ಪಕ್ಕದ ಪುಟ್ಟ ಗುರುತಿಗೆ: ಅನೌಪಚಾರಿಕ, ಹಳೆಯ ಬಳಕೆ, ನೋಯಿಸುವ ಮಾತು, ಬ್ರಿಟಿಷ್, ಅಮೆರಿಕನ್. ಹೊಸ ಸ್ಲ್ಯಾಂಗಿಗೆ 1999ರಲ್ಲಿ ಶುರುವಾದ ಅರ್ಬನ್ ಡಿಕ್ಷನರಿ ಇದೆ. ಅಲ್ಲಿ ಯಾರು ಬೇಕಾದರೂ ಅರ್ಥ ಬರೆಯಬಹುದು, ಹಾಗಾಗಿ ಸಂತೆಯಲ್ಲಿ ಕೇಳಿದ ಸುದ್ದಿಗೆ ಎಷ್ಟು ಬೆಲೆ ಕೊಡುತ್ತೀರೋ ಅಷ್ಟೇ ಕೊಡಿ. ಆಕ್ಸ್‌ಫರ್ಡ್‌ನವರು 2023ರ ವರ್ಷದ ಪದವೆಂದು ‘ರಿಝ್’ ಆರಿಸಿದರು. ‘ಕರಿಸ್ಮಾ’ದ ನಡುವಿನ ತುಂಡು ಅದು, ಸೆಳೆಯುವ ಗುಣ ಎಂಬ ಅರ್ಥ. ನನ್ನ ವಯಸ್ಸಿನವರು ಅದನ್ನು ಕಲಿತು ಆಡುವ ಹೊತ್ತಿಗೆ ಹುಡುಗರು ಬೇರೆ ಕಡೆ ಹೋಗಿರುತ್ತಾರೆ.

ಹೋದ ತಿಂಗಳು ಅಮೆರಿಕದ ತಂಡಕ್ಕೆ ಕಾಲೇಜು ಮುಗಿಸಿದ ಹುಡುಗನೊಬ್ಬ ಸೇರಿದ. ನಾಳೆ ಹತ್ತಕ್ಕೆ ಪರೀಕ್ಷೆ ಶುರುಮಾಡೋಣವೇ ಎಂದು ಸಂದೇಶ ಹಾಕಿದೆ. ‘ಬೆಟ್’ ಎಂದಷ್ಟೇ ಉತ್ತರ ಬಂತು. ಶುರುವಾಗುವುದಿಲ್ಲ ಎಂದು ಪಂಥ ಕಟ್ಟುತ್ತಿದ್ದಾನೆಯೇ? ಬೈಯೋಣ ಎಂದು ಬರೆದದ್ದನ್ನು ಅಳಿಸಿ ಕಾದೆ. ಮಾರನೆಯ ದಿನ ಹತ್ತಕ್ಕೆ ಎರಡು ನಿಮಿಷ ಇರುವಾಗಲೇ ಅವನು ಹಾಜರು. ನೋಟ್‌ಬುಕ್ ತೆಗೆದು ಬರೆದೆ: ‘ಬೆಟ್. ಹೇಳಿದವನು ಹೊಸ ಹುಡುಗ, ನನಗೆ, ಸಂದೇಶದಲ್ಲಿ. ಹೇಳಿದ ಮೇಲೆ ಏನಾಯಿತು: ಬಂದ. ನಮ್ಮಲ್ಲಾದರೆ: ಡನ್ ಸಾರ್. ನಾನು ಬಳಸುವಂತಿಲ್ಲ.’