ಹೊಗೆ ಲೆಕ್ಕ ತೋರಿಸಿ ಆಟೊ ಸಾಲ ತಂದೆವು

"ಗಾಳಿ ಮಾರೋಕೆ ಹೊರಟವ್ನೆ ನೋಡ್ರಪ್ಪ ನಮ್ಮ ಸೆಕ್ರೆಟರಿ" ಅಂತ ತುಮಕೂರಿನ ಬಟವಾಡಿ ಸ್ಟ್ಯಾಂಡ್‌ನಲ್ಲಿ ಎರಡು ವರ್ಷ ನಗಾಡಿದರು. ಈಗ ನಮ್ಮ ಸಂಘದ 14 ಎಲೆಕ್ಟ್ರಿಕ್ ಆಟೊಗಳ ಸಾಲಕ್ಕೆ ಬಡ್ಡಿ ಶೇ. 11ರ ಆಸುಪಾಸು. ಮೊದಲು ಫೈನಾನ್ಸ್‌ನವರು ಹಾಕುತ್ತಿದ್ದದ್ದು 20. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮೋಸ ಹೋದದ್ದನ್ನು ಹೇಳಿಬಿಡುತ್ತೇನೆ. ಹೊಗೆ ಒಂದು ಟನ್ ಕಮ್ಮಿ ಮಾಡಿದರೆ ಒಂದು ಕಾರ್ಬನ್ ಕ್ರೆಡಿಟ್ ಸಿಗುತ್ತೆ, ಅದನ್ನು ಮಾರಬಹುದು ಅಂತ ಒಬ್ಬ ಕನ್ಸಲ್ಟೆಂಟ್ ಬಂದ. ಕೊಲಂಬಿಯಾ ದೇಶದ ಬೊಗೋಟಾದ ಬಸ್ಸು 2006ರಲ್ಲೇ ವಿಶ್ವಸಂಸ್ಥೆಯ ಕಾರ್ಬನ್ ಯೋಜನೆಗೆ ಸೇರಿತು, ದೆಹಲಿ ಮೆಟ್ರೊ ಬ್ರೇಕ್ ಹಾಕಿದಾಗ ಹುಟ್ಟುವ ಕರೆಂಟಿಗೂ ಕ್ರೆಡಿಟ್ ತಗೊಂಡಿತು, ನಿಮಗ್ಯಾಕೆ ಸಿಗಲ್ಲ ಅಂದ. ಎರಡೂ ನಿಜ. 2012ರ ಕೊನೆಗೆ ಅದೇ ಕ್ರೆಡಿಟ್ ಟನ್ನಿಗೆ ಒಂದು ಯೂರೊಗಿಂತ ಕೆಳಗೆ ಬಿದ್ದಿದ್ದನ್ನು ಮಾತ್ರ ಬಾಯಿ ಬಿಡಲಿಲ್ಲ. 80 ಸಾವಿರ ಅಡ್ವಾನ್ಸ್ ಹೋಯಿತು, ಫೋನೂ ಎತ್ತಲಿಲ್ಲ.

ಆಮೇಲೆ ನಾನೇ ಲೆಕ್ಕಕ್ಕೆ ಕೂತೆ. ವರ್ಷಕ್ಕೆ 30 ಸಾವಿರ ಕಿಲೋಮೀಟರ್ ಓಡುವ ಗ್ಯಾಸ್ ಆಟೊ ಸುಮಾರು 2.2 ಟನ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ನಮ್ಮದು ಕರೆಂಟ್ ಗಾಡಿ, ಆದರೆ ಗ್ರಿಡ್ ಕರೆಂಟಿನ ಪ್ರತಿ ಯೂನಿಟ್‌ಗೂ 0.7 ಕೆಜಿ ಚಿಲ್ಲರೆ ಹಿಡಿಯುತ್ತಾರೆ. ಪಾವಗಡದಲ್ಲಿ 2050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ನಮ್ಮ ಜಿಲ್ಲೆಯಲ್ಲೇ ಇದೆ, ಏನು ಬಂತು? ಲೆಕ್ಕ ಇಡೀ ದೇಶದ ಗ್ರಿಡ್‌ದು, ಕಲ್ಲಿದ್ದಲೂ ಸೇರಿ. ಉಳಿದದ್ದು ಗಾಡಿಗೆ ವರ್ಷಕ್ಕೆ ಅರ್ಧ ಟನ್. ಟನ್ನಿಗೆ 400 ರೂಪಾಯಿ ಅಂದುಕೊಂಡರೂ 200 ರೂಪಾಯಿ. ಮನೆಯವರನ್ನು ಕರ್ಕೊಂಡು ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದರೆ ಮುಗೀತು. ಕ್ರೆಡಿಟ್ ಸಿಗೋಕೆ ಆ ಲೆಕ್ಕ ಆಡಿಟ್ ಮಾಡಿಸೋ ಖರ್ಚು ಲಕ್ಷದಲ್ಲಿ.

ಕ್ರೆಡಿಟ್ ಮಾರೋ ಆಸೆ ಅಲ್ಲಿಗೇ ಬಿಟ್ಟೆ. ಆದರೆ ಹಸಿರು ಸಾಲ ಕೊಡೋಕೆ ಅಂತ ವಿಶ್ವ ಬ್ಯಾಂಕ್, ಜರ್ಮನಿ ಸರ್ಕಾರದ ಬ್ಯಾಂಕ್ ಕೆಎಫ್‌ಡಬ್ಲ್ಯು ಥರದವರು ಇಲ್ಲಿನ ಬ್ಯಾಂಕುಗಳಿಗೆ ಅಗ್ಗದ ಹಣ ಕೊಡುತ್ತಾರೆ. ಬ್ಯಾಂಕಿನವರು ಅದಕ್ಕೆ ಹೊಗೆ ಎಷ್ಟು ಉಳೀತು ಅಂತ ಕಾಗದ ತೋರಿಸಬೇಕು. ಆ ಕಾಗದ ಯಾರ ಹತ್ತಿರವೂ ಇರಲಿಲ್ಲ, ನನ್ನ ಹತ್ತಿರ ಇತ್ತು!

ಅದೂ ಮೊದಲ ಸಲ ತಿರಸ್ಕಾರ ಆಯಿತು. ಹುಡುಗರು ಪುಸ್ತಕದಲ್ಲಿ ದಿನಾ 100 ಕಿಲೋಮೀಟರ್ ಅಂತ ಗೀಚಿದ್ದರು, ಯುಗಾದಿ ದಿನವೂ 100. ಮ್ಯಾನೇಜರ್ ಕನ್ನಡಕ ತೆಗೆದು ನನ್ನ ಮುಖ ನೋಡಿದರು ಅಷ್ಟೇ. ಆಮೇಲೆ ದಿನಾ ರಾತ್ರಿ ಗಾಡಿಯ ಕಿಲೋಮೀಟರ್ ತೋರಿಸೋ ಮೀಟರ್ ಫೋಟೊ, ಪ್ರತಿ ಚಾರ್ಜಿಂಗ್ ಪಾಯಿಂಟ್‌ಗೆ ಕರೆಂಟ್ ಅಳೆಯೋ ಬೇರೆ ಸಬ್ ಮೀಟರ್, ಹೀಗೆ 11 ತಿಂಗಳು. ಡ್ರೈವರ್‌ಗಳು ಒಂದು ದಿನವೂ ತಪ್ಪಿಸದೆ ಫೋಟೊ ಕಳಿಸೋ ಹಾಗೆ ಹೇಗೆ ಮಾಡಿದೆ ಅನ್ನೋದು ಮಾತ್ರ ಹೇಳಲ್ಲ, ಕಷ್ಟಪಟ್ಟು ಕಂಡುಕೊಂಡದ್ದು.

3 ಲಕ್ಷದ ಸಾಲಕ್ಕೆ ಮೂರು ವರ್ಷದ ಕಂತಿನಲ್ಲಿ ತಿಂಗಳಿಗೆ 1,300ರಷ್ಟು ಕಮ್ಮಿ. ವರ್ಷಕ್ಕೆ ಆ 200 ರೂಪಾಯಿ ಎಲ್ಲಿ, ಇದೆಲ್ಲಿ, ಅಲ್ವಾ?

ಮಧ್ಯೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಪ್ರತಿ ಸೋಮವಾರ ಟೈರ್ ಗಾಳಿ ಚೆಕ್ ಮಾಡಿಸಿದರೆ ಒಂದು ಚಾರ್ಜ್‌ಗೆ ಐದಾರು ಕಿಲೋಮೀಟರ್ ಜಾಸ್ತಿ. ಶೆಡ್ ಮೇಲೆ 10 ಕಿಲೋವ್ಯಾಟ್ ಸೋಲಾರ್ ಕೂಡ ಹಾಕಿದ್ದೇವೆ, ಐದಾರು ಲಕ್ಷ ಆಯಿತು. ಬಿಸಿಲು ಇರೋವಾಗ ಗಾಡಿಗಳು ರೋಡಲ್ಲಿ, ಗಾಡಿಗಳು ಶೆಡ್ಡಿಗೆ ಬಂದಾಗ ಕತ್ತಲೆ. ಮಧ್ಯಾಹ್ನ ಒಂದರಿಂದ ಮೂರೂವರೆ ಗಿರಾಕಿ ಕಮ್ಮಿ, ಆಗ ಐದು ಗಾಡಿ ಹಾಕುತ್ತೇವೆ. ಉಳಿದವರ ಜಗಳ ಇನ್ನೂ ನಡೀತಿದೆ.

ಗುಬ್ಬಿ ಗೇಟಿನ 9 ಜನ ಹೋದ ವಾರ ಫೋಟೊ ಶುರು ಮಾಡಿದ್ದಾರೆ. ಗಾಳಿ ಮಾರ್ತಾನೆ ಅಂದವನದು ಅದರಲ್ಲಿ ಮೊದಲನೇ ಹೆಸರು.