ಶೇಡಿ ಮಣ್ಣನ್ನು ಹೆಪ್ಪುಗಟ್ಟಿಸಿ ನೀರು ಇಳಿಸುವ ಕ್ರಮ

ಸೈಬೀರಿಯಾ, ಅಲಾಸ್ಕಾಗಳಲ್ಲಿ ವರ್ಷಗಟ್ಟಲೆ ಕರಗದ ನೆಲವಿದೆ. ಅದರೊಳಗೂ ನೀರು ಇಳಿಯುತ್ತದೆ. ಎಷ್ಟು ಇಳಿಯುತ್ತದೆ ಎನ್ನುವುದು ಹೆಪ್ಪುಗಟ್ಟುವ ಮೊದಲು ಮಣ್ಣಿನಲ್ಲಿದ್ದ ತೇವದ ಮೇಲೆ ನಿಂತಿದೆ. ಮಂಗಳೂರಿನ ಸೆಕೆಯಲ್ಲೂ ಒಂದು ಐಸ್‌ಕ್ರೀಂ ಫ್ರೀಜರ್ ಇದ್ದರೆ ಇದನ್ನು ಕಣ್ಣಾರೆ ನೋಡಬಹುದು.

ನಾನು ಬಳಸುವುದು ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಅಡಿಯ ಶೇಡಿ ಮಣ್ಣು. ಗುಡ್ಡ ಕಡಿದಲ್ಲಿ ಧಾರಾಳ ಸಿಗುತ್ತದೆ, ಕಣ ನುಣುಪು. 110 ಮಿ.ಮೀ. ಪಿವಿಸಿ ಪೈಪನ್ನು 35 ಸೆಂ.ಮೀ. ಕತ್ತರಿಸಿ, ಉದ್ದಕ್ಕೆ ಎರಡು ಹೋಳು ಮಾಡಿ, ಕ್ಲಿಪ್ ಹಾಕಿ ಬಿಗಿಯುತ್ತೇನೆ. ಕೊನೆಗೆ ಬಿಚ್ಚಿ ನೋಡಬೇಕಲ್ಲ. ಒಳಮೈಗೆ ಗ್ರೀಸ್ ಕಡ್ಡಾಯ. ಇಲ್ಲದಿದ್ದರೆ ನೀರು ಮಣ್ಣು ಬಿಟ್ಟು ಗೋಡೆಗುಂಟ ಜಾರುತ್ತದೆ. ತಳಕ್ಕೆ ಜಾಲರಿ ಮಾತ್ರ ಸಾಕು, ಮುಚ್ಚಿದರೆ ಒಳಗಿನ ಗಾಳಿಗೆ ಹೊರದಾರಿ ಇರುವುದಿಲ್ಲ.

ಎರಡು ಪೈಪಿಗೂ 4 ಕೆ.ಜಿ. ಒಣಮಣ್ಣು. ಒಂದಕ್ಕೆ 400 ಗ್ರಾಂ, ಇನ್ನೊಂದಕ್ಕೆ 1 ಕೆ.ಜಿ. ಬ್ಯಾಟರಿ ನೀರು (ಬಟ್ಟಿ ಇಳಿಸಿದ ನೀರು, ಆ್ಯಸಿಡ್ ಅಲ್ಲ) ಕಲಸಿ, 31 ಸೆಂ.ಮೀ. ಎತ್ತರಕ್ಕೆ ಅಡಕಬೇಕು. ಕಡಲ ಕರೆಯ ಬಾವಿಯ ನೀರು ಬೇಡ, ಉಪ್ಪಿದ್ದರೆ ಹೆಪ್ಪುಗಟ್ಟುವ ಬಿಂದು ಇಳಿಯುತ್ತದೆ. ಮೊದಲು −18 ಡಿಗ್ರಿಯಲ್ಲಿ ಬೇಗ ಹೆಪ್ಪುಗಟ್ಟಿಸಬೇಕು. ನಿಧಾನಿಸಿದರೆ ನೀರು ತಣ್ಣಗಿನ ಬದಿಗೆ ಎಳೆದುಕೊಂಡು ಹೋಗಿ ಮಂಜಿನ ಪದರಗಳಾಗುತ್ತವೆ, ತೇವ ಒಂದೇ ಸಮ ಉಳಿಯುವುದಿಲ್ಲ. ಆಮೇಲೆ ಥರ್ಮೋಸ್ಟಾಟ್ ಹಾಕಿ −5ಕ್ಕೆ ತಂದು, ಸುತ್ತ ಥರ್ಮಕೋಲ್ ಸುತ್ತಿ, ಎರಡು ದಿನ ಬಿಡುತ್ತೇನೆ. ಬಾಯಿಗೆ ಪ್ಲಾಸ್ಟಿಕ್ ಕಟ್ಟಿಡಿ; ನಮ್ಮೂರಿನ ಗಾಳಿ ಒಳಹೊಕ್ಕರೆ ಮೇಲೆ ಮಂಜು ಕೂರುತ್ತದೆ.

ಈಗ ಐಸ್ ಕರಗುತ್ತಿರುವ ಪಾತ್ರೆಯಿಂದ, ಶೂನ್ಯ ಡಿಗ್ರಿಯ 200 ಮಿ.ಲೀ. ಬಣ್ಣದ ನೀರು ಎರಡಕ್ಕೂ ಸುರಿಯಬೇಕು. ನಳ್ಳಿ ನೀರು ಸುರಿದರೆ ಅದರ ಬಿಸಿಗೇ ಮಂಜು ಕರಗಿ ತೂತು ಬೀಳುತ್ತದೆ, ಪ್ರಯೋಗ ಕೆಟ್ಟಿತು.

ತೇವ ಹೆಚ್ಚಿದ್ದ ಪೈಪಿನಲ್ಲಿ ನೀರು ಮೇಲೆಯೇ ನಿಲ್ಲುತ್ತದೆ. 1 ಕೆ.ಜಿ. ನೀರು ಮಂಜಾದಾಗ 1.09 ಲೀಟರ್ ಆಗುತ್ತದೆ, ಮಣ್ಣಿನಲ್ಲಿರುವ ಖಾಲಿ ಜಾಗ ಸುಮಾರು 1.1 ಲೀಟರ್. ಸಂದಿಯೇ ಉಳಿಯಲಿಲ್ಲ. ಒಣಗಿದ್ದ ಪೈಪಿನಲ್ಲಿ ಮಾತ್ರ ಬಣ್ಣ ಇಳಿಯುತ್ತದೆ. ಅಲ್ಲಿಯ ಲೆಕ್ಕ ನನಗೆ ಬಹಳ ಇಷ್ಟ: ಮಣ್ಣು, ಮಂಜು ಎರಡನ್ನೂ −5ರಿಂದ ಶೂನ್ಯಕ್ಕೆ ತರಲು ಸುಮಾರು 20 ಕಿಲೋಜೂಲ್ ಬೇಕು. 1 ಗ್ರಾಂ ನೀರು ಹೆಪ್ಪುಗಟ್ಟುವಾಗ 334 ಜೂಲ್ ಶಾಖ ಬಿಡುತ್ತದೆ. ಅಂದರೆ ಹೆಚ್ಚೆಂದರೆ 60 ಗ್ರಾಂ ನೀರು ಹೆಪ್ಪುಗಟ್ಟುವಷ್ಟರಲ್ಲಿ ಮಣ್ಣಿನ ತಣ್ಣನೆಲ್ಲ ತೀರುತ್ತದೆ. ಮಿಕ್ಕದ್ದು ದ್ರವವಾಗಿಯೇ ಕೆಳಗೆ ದಾರಿ ಹುಡುಕುತ್ತದೆ. −15ರಲ್ಲಿ ಇಟ್ಟರೆ ಮೂರು ಪಟ್ಟು ಹೆಪ್ಪುಗಟ್ಟಬಲ್ಲದು, ಆದ್ದರಿಂದ ಮೇಲಿನ ಪದರದಲ್ಲೇ ಸಂದಿ ಕಟ್ಟಿಹೋಗುವುದುಂಟು.

ಕ್ಲಿಪ್ ಬಿಚ್ಚಿದಾಗ ಬಣ್ಣ ಒಂದೇ ಗೆರೆಯಲ್ಲಿ ಉದ್ದಕ್ಕೆ ಇಳಿದಿದ್ದರೆ ಅದು ಬಿರುಕು, ಆ ಅಳತೆಯನ್ನು ಬಿಟ್ಟುಬಿಡಿ. ಧ್ರುವಪ್ರದೇಶದ ನೆಲದಲ್ಲಿ ಮಾತ್ರ ಇಂಥ ಬಿರುಕುಗಳೇ ದೊಡ್ಡ ದಾರಿ: ಚಳಿಗೆ ನೆಲ ಕುಗ್ಗಿ ಬಿರಿಯುತ್ತದೆ, ವಸಂತದಲ್ಲಿ ಹಿಮ ಕರಗಿದ ನೀರು ಅದರೊಳಗೆ ಹೋಗಿ ಹೆಪ್ಪುಗಟ್ಟುತ್ತದೆ, ವರ್ಷ ವರ್ಷವೂ ಮಂಜಿನ ಬೆಣೆ ದಪ್ಪವಾಗುತ್ತದೆ.